ಹಾಯಿದೋಣಿಯ ಡೆಕ್ಕಿನ ಮೇಲಿನ ಕಲೆ

ರಜೆಯ ದಿನ ಸಂಜೆ ಅಪೋಲೋ ಬಂದರಿನ ಕಟ್ಟೆಯ ಮೇಲೆ ಕುಳಿತು ಗಾಳಿ ಸೇವಿಸದ ಕನ್ನಡಿಗರು ಮುಂಬಯಿಯಲ್ಲಿ ವಿರಳ. ಮಳೆಗಾಲ ಕಳೆದು ಅಕ್ಟೋಬರ ಬಂದಿತೆಂದರೆ ಆ ನೀರಿನಲ್ಲಿ ಹಾಯಿದೋಣಿಗಳು ಕಾಣಿಸಿಕೊಳ್ಳತೊಡಗುತ್ತವೆ. ಮುಂಗಾರಿಗೆ ಮೊದಲು ಅವನ್ನು ದಡಕ್ಕೆಳೆದು ಹೊದಿಸಿಡುತ್ತಾರೆ. 1846ರಲ್ಲಿ ಸ್ಥಾಪಿತವಾದ ರಾಯಲ್ ಬಾಂಬೆ ಯಾಟ್ ಕ್ಲಬ್ಬೂ ಅಲ್ಲಿಯೇ ಸಮೀಪದಲ್ಲಿದೆ. ಬಿಳಿಯ ಹಾಯಿ ಬಿಚ್ಚಿ ಸಾಗುವ ದೋಣಿಯನ್ನು ದೂರದಿಂದ ನೋಡಿ ಸಂತೋಷಪಡುವವರೇ ಎಲ್ಲರೂ. ಅದರ ಡೆಕ್ಕನ್ನು ತಿಕ್ಕಿ ತೊಳೆಯುವವರಾರು, ಹೇಗೆ ತೊಳೆಯುತ್ತಾರೆ ಎಂದು ಕೇಳುವವರಿಲ್ಲ. ನಾವೂ ಕೇಳಿದವರಲ್ಲ. ಕೇಳುವ ಪ್ರಸಂಗ ಒದಗಿ ಬಂದುದು ಹೀಗೆ.

ನಮಗೆ ಪರಿಚಯದ ತರುಣನೊಬ್ಬನು ಕುಂದಾಪುರದ ಕಡೆಯವನು. ಕೋಟೆ ವಿಭಾಗದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದವನು, ಸಮುದ್ರದ ಸೆಳೆತದಿಂದಲೋ ಎರಡು ಕಾಸು ಹೆಚ್ಚು ಸಿಗುವ ಆಸೆಯಿಂದಲೋ, ಶ್ರೀಮಂತರೊಬ್ಬರ ಹಾಯಿದೋಣಿಯಲ್ಲಿ ಖಲಾಸಿಯಾಗಿ ಸೇರಿದನು. ಡೆಕ್ಕಿನ ಮೇಲೆ ಯಾರೋ ಇರಿಸಿ ಮರೆತ ತಗಡಿನ ಡಬ್ಬಿಯೊಂದು ತುಕ್ಕಿನ ಬಳೆಯಂಥ ಗುರುತನ್ನು ಬಿಟ್ಟಿತ್ತು. ನಮ್ಮ ಹುಡುಗನಿಗೆ ಕಲೆಯೆಂದರೆ ಅಂಜಿಕೆಯೆ? ಬಾಣಲೆ ತಿಕ್ಕುವ ಉಕ್ಕಿನ ನಾರನ್ನು ತಂದು, ಕಲೆಯನ್ನಷ್ಟೇ ಅಲ್ಲ, ಸುತ್ತಲಿನ ಹಲಗೆಗಳನ್ನೂ ಬೆವರು ಸುರಿಸಿ ತಿಕ್ಕಿದನು. ಸಂಜೆಗೆ ಮರ ಹೊಸದರಂತೆ ಹೊಳೆಯಿತು. ರಾತ್ರಿ ಇಬ್ಬನಿ ಬಿತ್ತು. ಬೆಳಗಾಗುವಾಗ ಹಲಗೆಗಳ ತುಂಬ ನೂರಾರು ಕೆಂಪು ಚುಕ್ಕೆಗಳು!

ಆದುದಿಷ್ಟೆ: ಉಕ್ಕಿನ ನಾರು ತಿಕ್ಕಿದಂತೆಲ್ಲ ತುಂಡಾಗುತ್ತದೆ. ಕಣ್ಣಿಗೆ ಕಾಣದ ಆ ತುಣುಕುಗಳು ಮರದ ಎಳೆಗಳಲ್ಲಿ ಸಿಕ್ಕಿಕೊಂಡು, ಉಪ್ಪುಗಾಳಿಯ ತೇವಕ್ಕೆ ಒಂದೊಂದೂ ತುಕ್ಕು ಹಿಡಿಯುತ್ತವೆ. ಬಾಣಲೆಯಾದರೆ ತೊಳೆದ ನೀರಿನೊಡನೆ ತುಣುಕೂ ಹೋಗುತ್ತದೆ; ಮರ ಅದನ್ನು ಬಿಡದು. ಯಜಮಾನರು ಕೆರಳಿದರು. ತಿಂಗಳ ಸಂಬಳ ಮುರಿಯುವುದಾಗಿಯೂ, ಡೆಕ್ಕು ಸರಿಹೋಗದಿದ್ದರೆ ದೋಣಿಯ ಕಡೆ ತಲೆಯಿಟ್ಟೂ ಮಲಗಬಾರದೆಂದೂ ಹೇಳಿ ಹೋದರು. ಊರಿಗೆ ಹಣ ಕಳುಹಿಸಬೇಕಾದ ಹುಡುಗನ ಸ್ಥಿತಿ ಏನಾಗಿರಬೇಕೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಕದ ದೋಣಿಯ ತಾಂಡೇಲರು ಕಾರವಾರದವರು, ವಯಸ್ಸಾದವರು. ಬಂದು ನೋಡಿ, “ತಮ್ಮಾ, ಇದು ಬಾಣಲೆಯಲ್ಲ, ಸಾಗುವಾನಿ” ಎಂದರಂತೆ. ಬೈಯಲಿಲ್ಲ. ಮೊದಲು ಡೆಕ್ಕು ಚೆನ್ನಾಗಿ ಒಣಗಿದ ಮೇಲೆ ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಹಲಗೆ ಹಲಗೆಯ ಮೇಲೂ ಆಡಿಸಲು ಹೇಳಿದರು. ಸಡಿಲವಾಗಿದ್ದ ತುಣುಕುಗಳು ಬಟ್ಟೆಗೆ ಅಂಟಿ ಬಂದವು. ಉಳಿದುದಕ್ಕೆ ಆಕ್ಸಾಲಿಕ್ ಆಮ್ಲ.

ಈ ಆಮ್ಲದ ವಿಷಯವನ್ನು ತುಸು ವಿಸ್ತರಿಸಿ ಹೇಳುವುದು ಯೋಗ್ಯ. ಗುಮಾಸ್ತ ಬಂಧುಗಳಿಗೂ ಇದು ಅಪರಿಚಿತವಲ್ಲ. ಹಿಂದೆ ನಮ್ಮ ಮನೆಗಳಲ್ಲಿ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದರು. ಅಳಲೆಯ ಒಗರೂ ಅನ್ನಭೇದಿಯಲ್ಲಿರುವ ಕಬ್ಬಿಣವೂ ಕೂಡಿ ಕಪ್ಪಾಗುತ್ತವೆ. ಡೆಕ್ಕಿನ ಮೇಲೆ ಕಬ್ಬಿಣದ ಮೊಳೆಯ ಸುತ್ತ ಮೂಡುವ ಕರಿಯ ಕಲೆಯೂ ಇದೇ ಬಗೆಯದು: ಮರದ ಒಗರಿಗೆ ಕಬ್ಬಿಣ ತಾಗಿ ಮರವೇ ಮಸಿಯ ದೌತಿಯಾಗುತ್ತದೆ. ಇಂಥ ಮಸಿಯನ್ನು ಕಾಗದದಿಂದ ಅಳಿಸಲು ಬಳಸುತ್ತಿದ್ದ ಆಕ್ಸಾಲಿಕ್ ಆಮ್ಲವೇ ಇಲ್ಲಿಯೂ ಮದ್ದು. ನೀರಿನಲ್ಲಿ ಕರಗದ ತುಕ್ಕನ್ನು ಅದು ಕರಗುವ ರೂಪಕ್ಕೆ ತರುತ್ತದೆ. ಅನಂತರ ನೀರು ಹೊಯ್ದರೆ ಹರಿದು ಹೋಗುತ್ತದೆ. ಹಿತ್ತಾಳೆಯ ಕಿಲುಬನ್ನು ಹುಣಿಸೆಯ ಹುಳಿ ಬಿಡಿಸುವುದೂ ದೂರದ ಸಂಬಂಧಿಯೇ, ಆದರೆ ಹುಣಿಸೆಗೆ ಇಷ್ಟು ಶಕ್ತಿಯಿಲ್ಲ.

ಒಂದು ಲೀಟರು ಬಿಸಿನೀರಿಗೆ ಸುಮಾರು 50 ಗ್ರಾಂ ಪುಡಿ ಸಾಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿಯೇ ಕಲಸಬೇಕು, ಕಬ್ಬಿಣ ಅಥವಾ ಅಲ್ಯುಮಿನಿಯಮ್ ಪಾತ್ರೆ ಕೂಡದು. ಕಲೆಯ ಮೇಲೆ ಹಚ್ಚಿ, ಒಣಗಗೊಡದೆ, ಕಾಲು ಗಂಟೆ ಬಿಟ್ಟು, ಧಾರಾಳವಾಗಿ ನೀರು ಹೊಯ್ದು ತೊಳೆಯಬೇಕು. ಇದು ವಿಷವಸ್ತು. ಕೈಗೆ ರಬ್ಬರು ಚೀಲ, ಕಣ್ಣಿಗೆ ಕನ್ನಡಕ ಇಲ್ಲದೆ ಮುಟ್ಟಬಾರದು. ಪುಡಿಯ ಧೂಳನ್ನು ಉಸಿರಿನೊಡನೆ ಒಳಗೆಳೆದುಕೊಳ್ಳಬಾರದು. ಅಡುಗೆಯ ಸಾಮಾನಿನ ಬಳಿ ಅದನ್ನು ಇರಿಸಲೇಬಾರದು. ಸಕ್ಕರೆಯೆಂದೋ ಉಪ್ಪೆಂದೋ ಭ್ರಮೆ ಹುಟ್ಟಿಸುವಷ್ಟು ಬೆಳ್ಳಗಿರುತ್ತದೆ.

ಎಣ್ಣೆ ಜಿಡ್ಡಿನ ಕಲೆಗೆ ಈ ಆಮ್ಲದಿಂದ ಪ್ರಯೋಜನವಿಲ್ಲ. ಎಣ್ಣೆ ಚೆಲ್ಲಿದೊಡನೆ ಸೀಮೆಸುಣ್ಣದ ಪುಡಿಯನ್ನು ದಪ್ಪಗೆ ಉದುರಿಸಿ, ಅದು ಹೀರಿಕೊಂಡ ಮೇಲೆ ಗುಡಿಸಿ, ಸೌಮ್ಯವಾದ ಸಾಬೂನು ನೀರಿನಿಂದ ತೊಳೆಯಬೇಕು. ಮೀನಿನ ರಕ್ತಕ್ಕೆ ತಣ್ಣೀರೇ ಆಗಬೇಕು, ಬಿಸಿನೀರು ಹೊಯ್ದರೆ ಕಲೆ ಕಚ್ಚಿಕೊಳ್ಳುತ್ತದೆ. ನೆರಳಿನ ಮೂಲೆಗಳಲ್ಲಿ ಹಸಿರು ಪಾಚಿ ಕಟ್ಟಿದರೆ ನೀರು ಬೆರೆಸಿದ ವಿನಿಗರ್ ಸಾಕಾಗುತ್ತದೆ. ಇನ್ನು ಫೈಬರ್‌ಗ್ಲಾಸಿನ ಡೆಕ್ಕಿಗೆ ಮರದ ಈ ನಾಜೂಕು ಇಲ್ಲ. ಸಾಬೂನು ನೀರು, ಮೆತ್ತನೆಯ ಬ್ರಷ್ಷು, ತುಕ್ಕಿಗೆ ಅದೇ ಆಕ್ಸಾಲಿಕ್ ಆಮ್ಲ. ಅಲ್ಲಿಯೂ ಉಕ್ಕಿನ ನಾರು ನಿಷಿದ್ಧ, ಹೊಳಪಿನ ಮೇಲ್ಪದರ ಗೀಚಿ ಹೋಗುತ್ತದೆ.

ಬ್ಲೀಚಿಂಗ್ ಪುಡಿಯ ಮಾತು ಬೇರೆ. ಬೇಗ ಬೆಳ್ಳಗಾಗಲೆಂದು ಅದನ್ನು ಸಾಗುವಾನಿಯ ಮೇಲೆ ಸುರಿಯುವವರಿದ್ದಾರೆ. ಎಳೆಗಳು ಸಡಿಲಗೊಂಡು ಮರದ ಆಯುಸ್ಸು ಕುಂದುತ್ತದೆ. ಅದಕ್ಕಿಂತ ಭಯಂಕರವಾದುದು, ಬ್ಲೀಚಿಂಗ್ ದ್ರವಕ್ಕೆ ಯಾವುದೇ ಆಮ್ಲವನ್ನು ಬೆರೆಸುವುದು. ತತ್‌ಕ್ಷಣ ಕ್ಲೋರಿನ್ ಅನಿಲ ಏಳುತ್ತದೆ. ದೋಣಿಯ ಕೆಳಗಿನ ಇಕ್ಕಟ್ಟಾದ ಕೋಣೆಯಲ್ಲಿ ಅದು ಪ್ರಾಣಕ್ಕೆ ಎರವಾಗಬಹುದು. ಹೋಟೆಲಿನ ಪಾಯಖಾನೆ ತೊಳೆಯುವಾಗ, ಒಂದರಿಂದ ಹೋಗದ ಕಲೆ ಎರಡರಿಂದ ಹೋದೀತೆಂದು ಆಸಿಡ್ಡನ್ನೂ ಬ್ಲೀಚನ್ನೂ ಕೂಡಿಸುವ ಬಂಧುಗಳು ಈ ಸಾಲನ್ನು ದಯವಿಟ್ಟು ಎರಡು ಸಲ ಓದಬೇಕು.

ಹಿಂದಿನ ನಾವಿಕರ ಬಳಿ ಇವೊಂದೂ ಇರಲಿಲ್ಲ. ಮರಳು, ಸಮುದ್ರದ ನೀರು, ಮೃದುವಾದ ಮರಳುಗಲ್ಲು, ಇಷ್ಟೆ. ಮೊಣಕಾಲೂರಿ ಉಜ್ಜುತ್ತಿದ್ದುದರಿಂದ ಇಂಗ್ಲಿಷ್ ನಾವಿಕರು ದೊಡ್ಡ ಕಲ್ಲಿಗೆ ‘ಬೈಬಲ್’ ಎಂದೂ ಸಣ್ಣದಕ್ಕೆ ‘ಪ್ರಾರ್ಥನಾ ಪುಸ್ತಕ’ವೆಂದೂ ಹೆಸರಿಟ್ಟಿದ್ದರು. ದುಡಿಯುವವನ ಹಾಸ್ಯ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ತೋರುತ್ತದೆ. ಆಗಿನ ಹಲಗೆಗಳು ದಪ್ಪವಾಗಿದ್ದವು, ಸವೆದರೂ ಉಳಿಯುತ್ತಿದ್ದವು. ಇಂದಿನ ಅನೇಕ ದೋಣಿಗಳಲ್ಲಿ ಫೈಬರ್‌ಗ್ಲಾಸಿನ ಮೇಲೆ ಅಂಟಿಸಿದ ಸಾಗುವಾನಿ ಕೆಲವೇ ಮಿಲ್ಲಿಮೀಟರು ದಪ್ಪ. ಕಲ್ಲು ಹಾಕಿ ಉಜ್ಜಿದರೆ ಕೆಲವು ವರ್ಷಗಳಲ್ಲಿ ಮರವೇ ಇರುವುದಿಲ್ಲ. ಮೆತ್ತನೆಯ ಬ್ರಷ್ಷಿನಿಂದ, ಅದೂ ಎಳೆಯುದ್ದಕ್ಕೆ ಅಲ್ಲದೆ ಎಳೆಗೆ ಅಡ್ಡಲಾಗಿ ತಿಕ್ಕಬೇಕು. ಉದ್ದಕ್ಕೆ ತಿಕ್ಕಿದರೆ ಎಳೆಗಳ ನಡುವಣ ಮೃದುಭಾಗ ಕಿತ್ತು ಬಂದು ಹಲಗೆ ಗೀರುಗೀರಾಗುತ್ತದೆ. ದಿನದ ತೊಳೆತಕ್ಕೆ ಸಿಹಿನೀರಿಗಿಂತ ಉಪ್ಪುನೀರೇ ಲೇಸು. ಉಪ್ಪು ಪಾಚಿಯನ್ನು ತಡೆಯುತ್ತದೆ, ಮರದ ತೇವವನ್ನೂ ಕಾಯುತ್ತದೆ. ಬಿಸಿಲಿಗೆ ಸಾಗುವಾನಿ ಬೆಳ್ಳಿಯಂತೆ ಬೂದು ಬಣ್ಣ ತಳೆಯುವುದು ಕೊಳೆಯಲ್ಲ. ಅದನ್ನು ಹೊಂಬಣ್ಣಕ್ಕೆ ತಿರುಗಿಸಲು ಪ್ರತಿವರ್ಷ ಔಷಧ ಸುರಿಯುವ ಯಜಮಾನರು ತಮ್ಮ ಡೆಕ್ಕನ್ನು ತಾವೇ ತಿನ್ನುತ್ತಿದ್ದಾರೆಂಬುದು ನಮ್ಮ ಅಭಿಪ್ರಾಯ.

ಸಾಗುವಾನಿಯ ಬಾಳಿಕೆಗೆ ಸಾಕ್ಷಿ ಬೇಕಾದರೆ ಮುಂಬಯಿಯಲ್ಲಿಯೇ ಹುಟ್ಟಿದ ಹಡಗೊಂದಿದೆ. ಜಮ್ಶೇಟಜಿ ಬೊಮನಜಿ ವಾಡಿಯಾ ಅವರು ಇಲ್ಲಿನ ಗೋದಿಯಲ್ಲಿ ಮಲಬಾರದ ಸಾಗುವಾನಿಯಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲಿ’ ಎಂಬ ಹಾಯಿಯ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್‌ಲಿಪೂಲಿನಲ್ಲಿ ತೇಲುತ್ತಿದೆ.

ನಮ್ಮ ಹುಡುಗನಿಗೆ ನಾಲ್ಕು ದಿನ ಹಿಡಿಯಿತು. ಆಮ್ಲ ಹಚ್ಚಿ ತೊಳೆದರೆ ಚುಕ್ಕೆ ಮಾಯವಾಗುವುದು. ಆಳದಲ್ಲಿ ತುಣುಕು ಉಳಿದಿದ್ದಲ್ಲಿ ಮರುದಿನ ಮತ್ತೆ ಕೆಂಪಗೆ ಮೂಡುವುದು. ಅದನ್ನು ಸೂಜಿಯಿಂದ ಎಬ್ಬಿಸಿ ತೆಗೆದು ಮತ್ತೆ ಆಮ್ಲ. ಐದನೆಯ ದಿನ ಯಜಮಾನರು ಬಂದು ಡೆಕ್ಕಿನುದ್ದಕ್ಕೂ ನಡೆದು ನೋಡಿ, ಏನೂ ಹೇಳದೆ ಹಾಯಿ ಬಿಚ್ಚಲು ಅಪ್ಪಣೆ ಮಾಡಿದರು. ಸಂಬಳದಲ್ಲಿ ಅರ್ಧ ಮುರಿದುಕೊಂಡರೆಂದು ಅನಂತರ ತಿಳಿಯಿತು. ಮೊನ್ನೆ ನಾವು ಹೋದಾಗ ಅವನು ಸಮುದ್ರದ ನೀರು ಮೊಗೆದು ಹಲಗೆಗೆ ಅಡ್ಡಲಾಗಿ ತಿಕ್ಕುತ್ತಿದ್ದನು. ಹಾಯಿಗಂಬದ ಬುಡದಲ್ಲಿ ಹಗ್ಗದ ಸುರುಳಿಯೊಂದನ್ನು ಅಚ್ಚುಕಟ್ಟಾಗಿ ಇರಿಸಿದ್ದನು. ಅದರ ಕೆಳಗೆ ಇನ್ನೂ ಎರಡು ಚುಕ್ಕೆಗಳಿವೆಯೆಂದು ನಮಗೆ ಮಾತ್ರ ಮೆಲ್ಲನೆ ಹೇಳಿದನು.