ಛಂದೋಗಣನೆಯಲ್ಲಿ ಕೋರುಟೀನ್: ಥ್ರೆಡ್ಡುಗಳ ಮೂಲಕ ಒಂದು ಅಳವಡಿಕೆ

ಪದ್ಯವೊಂದಕ್ಕೆ ಪ್ರಸ್ತಾರ ಹಾಕುವವನು ಎರಡು ಕೆಲಸಗಳನ್ನು ಸರದಿಯಂತೆ ನಡೆಸುತ್ತಾನೆ. ಸಾಲನ್ನು ಅಕ್ಷರಗಳಾಗಿ ಬಿಡಿಸುವುದು ಒಂದು. ಅವುಗಳ ಲಘು-ಗುರುಗಳನ್ನು ನಿರ್ಣಯಿಸುವುದು ಇನ್ನೊಂದು. 'ಹೆಬ್ಬಾಳ' ಎಂಬ ಊರಹೆಸರನ್ನೇ ನೋಡಬಹುದು. 'ಹೆ' ಸ್ವತಃ ಲಘು. ಮುಂದೆ ಒತ್ತಕ್ಷರ ಬಂದುದರಿಂದ ಗುರುವಾಗುತ್ತದೆ. ಮುಂದಿನ ಅಕ್ಷರ ಕೈಸೇರುವವರೆಗೆ ಹಿಂದಿನದರ ನಿರ್ಣಯವು ತಡೆದು ನಿಲ್ಲಬೇಕು. ಗಣಕಯಂತ್ರಕ್ಕಾದರೋ ಈ ಹೆಸರು ಯೂನಿಕೋಡ್‌ನ 7 ಸಂಕೇತಗಳ ಸಾಲು. ಅಕ್ಷರಗಳು 3, ಮಾತ್ರೆಗಳು 5.

ಹೀಗೆ ಎರಡು ಕಾರ್ಯವಿಧಿಗಳು ನಡುವೆಯೇ ನಿಂತು, ಒಂದನ್ನೊಂದು ಎಬ್ಬಿಸಿ, ನಿಂತಲ್ಲಿಂದಲೇ ಮುಂದುವರಿಯುವ ರಚನೆಗೆ ಕೋರುಟೀನ್ ಎಂದು ಹೆಸರು. ಮೆಲ್ವಿನ್ ಕಾನ್ವೆ 1963ರಲ್ಲಿ ಇದನ್ನು ವಿವರಿಸಿದ್ದು ಕೋಬಾಲ್ ಭಾಷೆಯ ಕಂಪೈಲರಿನ ಸಂದರ್ಭದಲ್ಲಿ. ಅಲ್ಲಿಯೂ ಪದ ಬಿಡಿಸುವ ಭಾಗ ಮತ್ತು ವಾಕ್ಯ ಅರಿಯುವ ಭಾಗಗಳ ನಡುವಿನ ಸಂಬಂಧವು ಇಂಥದೇ. ಕೇಳಿದಾಗಲೊಮ್ಮೆ ಒಂದೊಂದೇ ಮೌಲ್ಯವನ್ನು ನೀಡುವ ಇಟರೇಟರನ್ನು ಇದರ ಸರಳ ರೂಪವಾಗಿ ಬರೆಯಬಹುದು. ಪೈಥಾನ್ ಭಾಷೆಗೆ 2001ರಲ್ಲಿ 'ಯೀಲ್ಡ್' ಎಂಬ ಪದ ಸೇರಿದ್ದು ಈ ಉದ್ದೇಶಕ್ಕಾಗಿ. ಜಾವಾದಲ್ಲಿ ಅಂಥ ಸೌಲಭ್ಯವು ಭಾಷೆಯೊಳಗೆ ಇಲ್ಲ. ಆದರೆ ಪ್ರತಿಯೊಂದು ಥ್ರೆಡ್ಡಿಗೂ ತನ್ನದೇ ಆದ ಸ್ಟ್ಯಾಕ್, ಅಂದರೆ ಎಲ್ಲಿ ನಿಂತೆನೆಂಬ ನೆನಪು, ಇರುವುದರಿಂದ ಅದನ್ನೇ ಬಳಸಿಕೊಳ್ಳಬಹುದು.

ಇದಕ್ಕೆ ಎರಡು ಸೆಮಫೋರ್‌ಗಳು ಸಾಕು. ಡೈಕ್‌ಸ್ಟ್ರಾ ರೈಲುದಾರಿಯ ಕೈಮರದಿಂದ ಪಡೆದ ಈ ಹೆಸರು ಇಲ್ಲಿ ಅನ್ವರ್ಥವೇ ಸರಿ. ಗಣನೆಯ ಥ್ರೆಡ್ 'ಬೇಕು' ಎಂಬ ಕೈಮರವನ್ನು ಇಳಿಸಿ, 'ಸಿದ್ಧ' ಎಂಬುದರ ಮುಂದೆ ಕಾಯುತ್ತದೆ. ಬಿಡಿಸುವ ಥ್ರೆಡ್ ಎಚ್ಚೆತ್ತು, ಹಕಾರ ಹಾಗೂ ಎತ್ವವನ್ನು ಓದಿ, ಬಕಾರ ಕಂಡೊಡನೆ ಅಕ್ಷರ ಮುಗಿಯಿತೆಂದು ತಿಳಿದು, 'ಹೆ'ಯನ್ನು ನಿಗದಿತ ಜಾಗದಲ್ಲಿಟ್ಟು, 'ಸಿದ್ಧ'ವನ್ನು ಇಳಿಸಿ ತಾನು ನಿಲ್ಲುತ್ತದೆ. ಥ್ರೆಡ್ಡುಗಳು ಎರಡಾದರೂ ಒಂದು ಕ್ಷಣದಲ್ಲಿ ನಡೆಯುವುದು ಒಂದೇ. ಥ್ರೆಡ್ಡೆಂದರೆ ವೇಗವೆಂದು ಭಾವಿಸುವವರು ಇದನ್ನು ಗಮನಿಸಬೇಕು. ಇಲ್ಲಿ ಸಿಗುವುದು ನೆನಪೇ ಹೊರತು ವೇಗವಲ್ಲ.

ತೊಡಕಿರುವುದು ಅರ್ಧಕ್ಕೆ ಕೈಬಿಟ್ಟಾಗ. ಹೆಬ್ಬಾಳದಲ್ಲಿಯೇ ದೊರೆತ, ಗಂಗ ಶ್ರೀಪುರುಷನ ಕಾಲದ (ಸುಮಾರು ಕ್ರಿ.ಶ. 750) ಕಿತ್ತಯ್ಯನ ಶಾಸನದ ಪಾಠದಲ್ಲಿ ಒಂದು ಹೆಸರನ್ನು ಹುಡುಕುವವನಿಗೆ, ಅದು ಸಿಕ್ಕ ಮೇಲೆ ಉಳಿದ ಅಕ್ಷರಗಳು ಬೇಡ. ಆದರೆ ಬಿಡಿಸುವ ಥ್ರೆಡ್ ಎಂದೂ ಬಾರದ ಕರೆಗಾಗಿ ಕಾಯುತ್ತಲೇ ಇರುತ್ತದೆ. ಅದನ್ನು ಡೀಮನ್ ಎಂದು ಘೋಷಿಸದಿದ್ದರೆ ಕ್ರಮವಿಧಿಯೇ ಮುಗಿಯದು; ಘೋಷಿಸಿದರೂ ಅಲ್ಲಿಯವರೆಗೆ ಸ್ಟ್ಯಾಕಿನ ಜಾಗ ಬಿಡುಗಡೆಯಾಗದು. ಆದಕಾರಣ 'ಇನ್ನು ಸಾಕು' ಎಂದು ತಿಳಿಸುವ ಮುಚ್ಚುವಿಧಿಯನ್ನು ಬರೆಯಲೇಬೇಕು. ಜಾವಾ 21ರಲ್ಲಿ (2023) ಬಂದ ವರ್ಚುವಲ್ ಥ್ರೆಡ್ಡುಗಳು ವೆಚ್ಚವನ್ನು ಬಹುಮಟ್ಟಿಗೆ ತಗ್ಗಿಸಿವೆ, ಈ ಹೊಣೆಯನ್ನಲ್ಲ.

ಅಕ್ಷರ ಬಿಡಿಸುವುದಕ್ಕಷ್ಟೇ ಆದರೆ ಥ್ರೆಡ್ ಅತಿಯಾಯಿತು. ಅರ್ಧ ಓದಿದ ಅಕ್ಷರವೊಂದನ್ನು ನೆನಪಿಟ್ಟರೆ ಸಾಕು. ಮಾತ್ರಾಪ್ರಸ್ತಾರದ ಮಾತು ಬೇರೆ. ಇಲ್ಲಿ ಪ್ರಸ್ತಾರವೆಂದರೆ ಸಾಧ್ಯವಿರುವ ಎಲ್ಲ ಲಘು-ಗುರು ವಿನ್ಯಾಸಗಳು: 5 ಮಾತ್ರೆಗಳಿಗೆ 8, 20 ಮಾತ್ರೆಗಳಿಗೆ 10,946. ತನ್ನನ್ನೇ ತಾನು ಕರೆದುಕೊಳ್ಳುವ ವಿಧಿಯು ಇವನ್ನು ಹಲವು ಹಂತಗಳ ಆಳದಿಂದ ಒಂದೊಂದಾಗಿ ಒಪ್ಪಿಸಬೇಕು. ಪ್ರತಿ ಹಂತದ ನೆನಪನ್ನೂ ಕೈಯಾರೆ ಕಟ್ಟುವ ಶ್ರಮವನ್ನು ಥ್ರೆಡ್ ತಪ್ಪಿಸುತ್ತದೆ.