ನಮ್ಮ ಜಗಲಿಗೆ ಬಂದ ಕಣ್ಣೂರಿನ ಕೆಲಸ

ಬೀಡಿ ಕಟ್ಟುವುದನ್ನು ಕಸುಬು ಎಂದು ಒಪ್ಪಲು ಓದಿದವರಿಗೆ ಇವತ್ತಿಗೂ ಸ್ವಲ್ಪ ಸಂಕೋಚ. ಎಲೆಯನ್ನು ನೀರಿನಲ್ಲಿ ನೆನೆಸಬೇಕು, ತಗಡಿನ ಅಳತೆ ಇಟ್ಟು ಕತ್ತರಿಸಬೇಕು, ಹೊಗೆಸೊಪ್ಪಿನ ಹುಡಿಯನ್ನು ಬೆರಳಿನ ಅಂದಾಜಿನಲ್ಲೇ ಹಾಕಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯಬೇಕು. ಸಡಿಲವಾದರೆ ಹುಡಿ ಉದುರುತ್ತದೆ, ಬಿಗಿಯಾದರೆ ಹೊಗೆ ಎಳೆಯಲು ಬರುವುದಿಲ್ಲ. ಬಂಟ್ವಾಳದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ತಡ್ಪೆ ಎಂಬ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಳಕ್ಕೆ ಬಂದವರ ಹತ್ತಿರ ಮಾತಾಡುತ್ತ, ಕೈಯ ಕಡೆ ನೋಡದೆ ದಿನಕ್ಕೆ ಎಂಟುನೂರು, ಸಾವಿರ ಕಟ್ಟುತ್ತಿದ್ದಳು. ಕಟ್ಟಿದ್ದನ್ನು ಒಪ್ಪಿಸುವ ಬ್ರಾಂಚಿನಲ್ಲಿ ಕಂಟ್ರಾಕ್ಟರು ಇಪ್ಪತ್ತೈದರ ಕಟ್ಟೊಂದನ್ನು ಎತ್ತಿ ಹಿಂದೆಮುಂದೆ ತಿರುಗಿಸಿ, ಎರಡು ಬೀಡಿ ಸರಿಯಿಲ್ಲ ಎಂದು ಕಟ್ಟನ್ನೇ ಪಕ್ಕಕ್ಕೆ ಹಾಕುತ್ತಿದ್ದ. ಹಾಗೆ ಹಾಕಿದ್ದಕ್ಕೆ ಮಜೂರಿಯಿಲ್ಲ. ಬೀಡಿಯೂ ವಾಪಸು ಬರುತ್ತಿರಲಿಲ್ಲ.

ಈ ಕೆಲಸ ನಮ್ಮ ಮನೆಗಳಿಗೆ ಇಷ್ಟೊಂದು ಹೇಗೆ ಹಬ್ಬಿತು ಎಂದು ನಾನು ವಿಚಾರಿಸಿದ್ದು ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ, ಕೇರಳದ ಕಣ್ಣೂರಿನಲ್ಲಿ. ಮಗಳ ಅತ್ತೆಮನೆಯ ಪಕ್ಕದಲ್ಲಿ ಎಂಬತ್ತು ದಾಟಿದ ಒಬ್ಬರಿದ್ದಾರೆ, ಬದುಕಿಡೀ ಬೀಡಿ ಕಟ್ಟಿದವರು. ಅವರು ಮೊದಲು ಹೇಳಿದ್ದೇ, "ನಮ್ಮ ಹೊಟ್ಟೆಗೆ ಹೊಡೆದದ್ದು ನಿಮ್ಮ ಮಂಗಳೂರು, ಟೀಚರೇ."

ಸಂಗತಿ ಹೀಗೆ. ಅಲ್ಲಿಯ ದೊಡ್ಡ ಬೀಡಿ ಕಂಪನಿಗಳ ಮಾಲೀಕರು ಮಂಗಳೂರಿನವರು. ಆದರೆ ನಮ್ಮಲ್ಲಿಯ ಹಾಗೆ ಮನೆಮನೆಯಲ್ಲಿ ಅಲ್ಲ, ಕಣ್ಣೂರಿನ ಗಂಡಸರು ಸಾಲಾಗಿ ಷೆಡ್ಡಿನಲ್ಲಿ ಕೂತು ಕಟ್ಟುತ್ತಿದ್ದರು. 1930ರ ದಶಕದಿಂದಲೂ ಅವರಿಗೆ ಯೂನಿಯನ್ ಇತ್ತು. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು: ಕೆಲಸದ ಗಂಟೆಗೆ ಮಿತಿ, ವಾರದ ರಜೆ, ಗಾಳಿಬೆಳಕಿರುವ ಜಾಗ, ಕಕ್ಕಸು, ತಾಯಂದಿರಿದ್ದರೆ ಕೂಸುಗಳಿಗೆ ಕೋಣೆ. ಕಾಯ್ದೆಯನ್ನು ಜಾರಿಗೆ ತರುವುದು ರಾಜ್ಯಗಳ ಕೆಲಸವಾಗಿತ್ತು. ಹೆಚ್ಚಿನವು ಸುಮ್ಮನಿದ್ದವು. ಕೇರಳದ ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ ಸುಮ್ಮನಿರಲಿಲ್ಲ. 1968ರ ಅಕ್ಟೋಬರಿನಲ್ಲಿ ಮಾಲೀಕರು ಷೆಡ್ಡುಗಳಿಗೆ ಬೀಗ ಹಾಕಿದರು. ಸುಮಾರು 12,000 ಮಂದಿಯ ಕೆಲಸ ಹೋಯಿತು.

ಕೆಲಸ ಎಲ್ಲಿಗೆ ಹೋಯಿತು? ಕಂಟ್ರಾಕ್ಟರರ ಮೂಲಕ ಒಂದಿಷ್ಟು ಅಲ್ಲಿಯದೇ ಮನೆಗಳಿಗೆ, ಇನ್ನೊಂದಿಷ್ಟು ಗಡಿ ದಾಟಿ ನಮ್ಮ ಕಡೆಗೆ. ದಕ್ಷಿಣ ಕನ್ನಡದಲ್ಲಿ ಬೀಡಿ ಅದಕ್ಕೆ ಮೊದಲೂ ಇತ್ತು, ಸುಳ್ಳು ಹೇಳಬಾರದು. ಆದರೆ ಅಮ್ಮ ಮೊದಲ ಸಲ ಎಲೆ ತಂದದ್ದು ನಾನು ಬಾಲವಾಡಿಗೆ ಹೋಗುವಾಗ ಎಂದು ಅವಳೇ ಹೇಳುತ್ತಿದ್ದಳು. ವರ್ಷ ಲೆಕ್ಕ ಹಾಕಿದರೆ ಅದು ಇದೇ ಹೊತ್ತಿಗೆ ಬರುತ್ತದೆ. ಜಗಲಿಗೆ ಕಾಯ್ದೆ ಇಲ್ಲ, ಗಂಟೆ ಇಲ್ಲ, ರಜೆ ಇಲ್ಲ.

ಕಣ್ಣೂರಿನವರು ಮುಂದೆ ಮಾಡಿದ್ದು ನನಗೆ ಬಹಳ ಹಿಡಿಸಿತು. ಧರಣಿ, ಮೆರವಣಿಗೆ ಎಲ್ಲ ಆಯಿತು, ಮಾಲೀಕರು ಕರಗಲಿಲ್ಲ. ಆಗ ಸರಕಾರದ ಬೆಂಬಲದಿಂದ ಕಾರ್ಮಿಕರೇ ಸಹಕಾರಿ ಸಂಘ ಕಟ್ಟಿದರು. 1969ರ ಫೆಬ್ರವರಿ 15ಕ್ಕೆ ಕೇರಳ ದಿನೇಶ್ ಬೀಡಿ ಶುರುವಾಯಿತು. ಪಾಲಿನ ಬೆಲೆ 20 ರೂಪಾಯಿ. ಕೆಲಸವಿಲ್ಲದವನ ಹತ್ತಿರ ಅಷ್ಟೆಲ್ಲಿ? ಒಂದು ರೂಪಾಯಿ ಅವನು ಕೊಟ್ಟರೆ ಸಾಕು, ಉಳಿದದ್ದು ಸರಕಾರದ ಸಾಲ, ಕಂತಿನಲ್ಲಿ ತೀರಿಸಬೇಕು. ಸರಕಾರ ನೇಮಿಸಿದ ಜಿ.ಕೆ. ಪಣಿಕ್ಕರ್ ಮೊದಲ ಅಧ್ಯಕ್ಷರು. ಎಲೆ, ಹೊಗೆಸೊಪ್ಪು ಒಟ್ಟಿಗೆ ಖರೀದಿಸಿ ಬೀಡಿ ಮಾರುವುದು ಕೇಂದ್ರ ಸಂಘದ ಜವಾಬ್ದಾರಿ. ಕಟ್ಟುವುದು ಊರೂರಿನ ಪ್ರಾಥಮಿಕ ಸಂಘಗಳಲ್ಲಿ, ಅವುಗಳ ಆಡಳಿತಕ್ಕೆ ಕಾರ್ಮಿಕರೇ ಆರಿಸಿದ ನಿರ್ದೇಶಕರು. ಆರು ಸಂಘ, ಸುಮಾರು 3,000 ಮಂದಿಯಿಂದ ಶುರುವಾದದ್ದು ಮುಂದೆ 40,000 ದಾಟಿತು. ಭವಿಷ್ಯನಿಧಿ, ಬೋನಸ್, ಸಂಬಳದ ರಜೆ, ಹೆರಿಗೆ ರಜೆ, ಪಿಂಚಣಿ ಒಂದೊಂದಾಗಿ ಬಂದವು. ಮಾಲೀಕರು ಯಾವ ಕಾಯ್ದೆಯನ್ನು ಪಾಲಿಸಿದರೆ ಮುಳುಗುತ್ತೇವೆ ಎಂದಿದ್ದರೋ ಅದನ್ನು ಪಾಲಿಸಿಯೇ ಇವರು ವರ್ಷಗಟ್ಟಲೆ ವ್ಯಾಪಾರ ಮಾಡಿದರು. 1998ರಲ್ಲಿ ಅರ್ಥಶಾಸ್ತ್ರಜ್ಞ ಥಾಮಸ್ ಐಸಾಕ್ ಮತ್ತು ಇನ್ನಿಬ್ಬರು ಈ ಸಂಘದ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದರು.

ಆದರೆ ಆ ಅಜ್ಜನ ಕಣ್ಣು ಬೆಳಗಿದ್ದು ಬೋನಸ್ಸಿನ ಮಾತಿಗಲ್ಲ, ಓದಿನ ಮಾತಿಗೆ. ಷೆಡ್ಡಿನಲ್ಲಿ ಒಬ್ಬ ಗಟ್ಟಿಯಾಗಿ ಪೇಪರು ಓದುತ್ತಿದ್ದ, ಉಳಿದವರು ಕಟ್ಟುತ್ತಿದ್ದರು. ಓದುವವನಿಗೆ ತಪ್ಪಿದ ಮಜೂರಿಯನ್ನು ಎಲ್ಲರೂ ತಮ್ಮ ಬೀಡಿಯಲ್ಲಿ ಸ್ವಲ್ಪ ಸ್ವಲ್ಪ ಕೊಟ್ಟು ತುಂಬುತ್ತಿದ್ದರು. ಬೆಳಿಗ್ಗೆ ಪೇಪರು, ಮಧ್ಯಾಹ್ನ ಕಾದಂಬರಿ. "ನಾನು ನಾಲ್ಕನೇ ಕ್ಲಾಸು. ಆದರೆ ಬಶೀರ್ ಗೊತ್ತು, ವಿಯೆಟ್ನಾಂ ಗೊತ್ತು," ಎಂದರು. ಷೆಡ್ಡಿಗೆ ಬೀಗ ಬಿದ್ದ ದಿನ ಯಾರ ಮನೆ ಎಲ್ಲಿ, ಯಾರಿಗೆ ಎಷ್ಟು ಮಕ್ಕಳು ಎಂದು ಎಲ್ಲರಿಗೂ ಎಲ್ಲರದ್ದೂ ತಿಳಿದಿತ್ತಂತೆ. ಸಂಘ ರಿಜಿಸ್ಟರ್ ಆದದ್ದು ಆಮೇಲೆ. ನನ್ನನ್ನು ಕೇಳಿದರೆ, ಅದು ಹುಟ್ಟಿದ್ದು ಪೇಪರು ಓದುವ ಆ ಷೆಡ್ಡಿನಲ್ಲೇ.

"ನಮ್ಮ ಮೇಲೆ ಸಿಟ್ಟಿತ್ತಾ?" ಎಂದು ನನ್ನ ಅರೆಬರೆ ಮಲಯಾಳದಲ್ಲಿ ಕೇಳಿದೆ.

"ಇತ್ತು. ಮಂಗಳೂರು ಅಂದರೆ ಮಾಲೀಕರು ಅಂತಲೇ ತಿಳಿದಿದ್ದೆವು. ಅಲ್ಲಿ ನಿಮ್ಮ ಅಮ್ಮನಂಥವರು ಕೂತು ಕಟ್ಟುತ್ತಾರೆ ಅಂತ ಯಾರು ಹೇಳಬೇಕು ನಮಗೆ?"

ನಮ್ಮಲ್ಲಿಯೂ ಏನೂ ಆಗಲಿಲ್ಲ ಎಂದಲ್ಲ. ಮಾಲೀಕರು ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೂ ಹೋದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಎಂದಾಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಬಂತು, ಅದರ ವಿದ್ಯಾರ್ಥಿವೇತನದಲ್ಲಿ ನನ್ನ ತಂಗಿ ಪಿಯುಸಿ ಓದಿದಳು. ಯೂನಿಯನ್ನುಗಳು ಗುದ್ದಾಡಿ ಪಿ.ಎಫ್. ಕೊಡಿಸಿದವು. ಆದರೂ ಅಮ್ಮನಿಗೆ ಸಂಗಾತಿ ಎಂದರೆ ತಡ್ಪೆಯೊಂದೇ. ನಮ್ಮ ಜಗಲಿಯ ಅಗ್ಗದ ಬೀಡಿಯೇ ಪೇಟೆಯಲ್ಲಿ ದಿನೇಶ್ ಬೀಡಿಯ ಎದುರಾಳಿಯಾಗಿತ್ತು ಎಂಬುದು ಅವಳಿಗೆ ತಿಳಿಯಲೇ ಇಲ್ಲ.

ಇಷ್ಟು ಹೊಗಳಿದ ಮೇಲೆ, ಮಾಡುತ್ತಿದ್ದದ್ದು ಬೀಡಿ ಎಂಬುದನ್ನು ಮರೆಯಲಾಗದು. ಸೇದುವವರ ಎದೆಯನ್ನೂ ತಿನ್ನುತ್ತದೆ, ಹುಡಿಯ ಮಧ್ಯೆ ಕೂರುವವರದ್ದನ್ನೂ. ಅಮ್ಮನ ಕೆಮ್ಮು ಕೊನೆಯವರೆಗೂ ಇತ್ತು. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಿತು. ದಿನೇಶ್ ಸಂಘ ಅಷ್ಟರಲ್ಲೇ ಎಚ್ಚೆತ್ತಿತ್ತು: ಮೊದಲು ಮಸಾಲೆ ಪುಡಿ, ತೆಂಗಿನ ಹಾಲು, ಆಮೇಲೆ ಕೊಡೆ, ಬಟ್ಟೆ, ಕಂಪ್ಯೂಟರ್ ಕೆಲಸ. ಬೀಡಿ ಕಟ್ಟುವವರು ಕಡಿಮೆಯಾದರು. ಬೀಡಿ ಕಡಿಮೆಯಾಗಿದ್ದಕ್ಕೆ ನನಗೆ ದುಃಖವಿಲ್ಲ. ಅದು ಕಡಿಮೆಯಾಗುವ ದಿನ ಬರುತ್ತದೆಂದು ಮೊದಲೇ ಯೋಚಿಸುವ ಜನ ಅಲ್ಲಿದ್ದರು, ಅದು ಮುಖ್ಯ.

ನನ್ನ ಅತ್ತಿಗೆ ಈಗಲೂ ಕಟ್ಟುತ್ತಾಳೆ. ಅವಳ ಬ್ರಾಂಚಿನಲ್ಲಿ ವಾರಕ್ಕೆ ಮೂರು ದಿನ ಮಾತ್ರ ಎಲೆ. ಕೆಲಸ ತೆಗೆದಿದ್ದೇವೆ ಎಂದು ಯಾರೂ ಹೇಳಿಲ್ಲ, ಬೀಗ ಹಾಕಲು ಷೆಡ್ಡೂ ಇಲ್ಲ. ಮೊನ್ನೆ ಯೂನಿಯನ್ನಿನವರು ಕರೆದ ಸಭೆಗೆ ಹೋಗಿದ್ದಳು. ತನ್ನದೇ ಬ್ರಾಂಚಿಗೆ ಬೀಡಿ ಕೊಡುವವರು ಇಷ್ಟು ಮಂದಿ ಇದ್ದಾರೆಂದು ಅವಳಿಗೆ ಗೊತ್ತಾದದ್ದು ಅಲ್ಲಿಯೇ.