ಖಾಲಿ ಹೊಟ್ಟೆಯ ಲೆಕ್ಕ

ಕಮಲಾಪುರದಿಂದ ಬೆಳಗಿನ ಬಸ್ಸು ಹಿಡಿದು ಹೊಟ್ಟೆಯ ತಪಾಸಣೆಗೆಂದು ಕಲಬುರಗಿಗೆ ಬಂದವರಿಗೆ ದವಾಖಾನೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ ಬೇನೆಯದ್ದಲ್ಲ, ಊಟದ್ದು.

"ಏನರ ತಿಂದೀರೇನ್ರಿ ಕಾಕಾ?"

"ಏನಿಲ್ರಿ ಸಿಸ್ಟರ್. ಬಸ್‌ಸ್ಟ್ಯಾಂಡಿನ್ಯಾಗ ಬರೇ ಒಂದು ಕಪ್ ಚಹಾ."

"ಹಂಗಾದ್ರ ಎಂಡೋಸ್ಕೋಪಿ ಇವತ್ತ ಆಗಂಗಿಲ್ರಿ. ನಾಳಿ ಬರ್ರಿ."

ಒಂದು ಕಪ್ ಚಹಾಕ್ಕೆ ಒಂದು ದಿನದ ಕೂಲಿಯೂ ಬಸ್ಸಿನ ದುಡ್ಡೂ ಹೋದವು. ಜಗತ್ ಭಾಗದ ಚಿಕ್ಕ ಕ್ಲಿನಿಕ್ಕಿರಲಿ, ಜಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಿರಲಿ, ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಖಾಲಿ ಹೊಟ್ಟೆಯ ಮಾತು ಪರೀಕ್ಷೆಗೂ ಬರುತ್ತದೆ, ಮಾತ್ರೆಗೂ ಬರುತ್ತದೆ. ಆದರೆ ಪ್ರತಿ ಸಲವೂ ಅದರ ಹಿಂದಿನ ಕಾರಣ ಬೇರೆ.

ಎಂಡೋಸ್ಕೋಪಿಯನ್ನೇ ನೋಡಿ. ಸುಮಾರು ಒಂದು ಸೆಂಟಿಮೀಟರ್ ದಪ್ಪದ, ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು ಬಾಯಿಯಿಂದ ಜಠರದವರೆಗೆ ಇಳಿಸುತ್ತಾರೆ. ಅದಕ್ಕೆ ಮುಂಚೆ ಗಂಟಲಿಗೆ ಲಿಗ್ನೋಕೇನ್ ಸ್ಪ್ರೇ ಹೊಡೆದು ಮರಗಟ್ಟಿಸುತ್ತಾರೆ. ಮರಗಟ್ಟಿದ ಗಂಟಲಿಗೆ ಆಹಾರವನ್ನು ಶ್ವಾಸನಾಳದಿಂದ ದೂರವಿಡುವ ಶಕ್ತಿ ಕಡಿಮೆ. ಆ ಹೊತ್ತಿನಲ್ಲಿ ವಾಂತಿಯಾದರೆ ಜಠರದಲ್ಲಿದ್ದದ್ದು ಪುಪ್ಪುಸಕ್ಕೆ ಇಳಿಯಬಹುದು. ಗಟ್ಟಿ ಆಹಾರ ಜಠರ ದಾಟಲು ಆರು ತಾಸಾದರೂ ಬಿಡಬೇಕು. ಬರೇ ನೀರಿಗೆ ಎರಡು ತಾಸು ಸಾಕು. ಚಹಾದಲ್ಲಿ ಹಾಲಿದೆ, ಹಾಲು ಜಠರದಲ್ಲಿ ಗರಣೆಗಟ್ಟುತ್ತದೆ. ಆದ್ದರಿಂದ ಹಾಲಿನ ಚಹಾ ಸೇರುವುದು ಊಟದ ಲೆಕ್ಕಕ್ಕೆ.

ಪರೀಕ್ಷೆ ಐದು ಹತ್ತು ನಿಮಿಷದ್ದು, ಆರೈಕೆ ಅದಕ್ಕಿಂತ ದೊಡ್ಡದು. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಜೊಲ್ಲು ನುಂಗಲು ಬಿಡದೆ ಹೊರಗೆ ಹರಿಸಿ, ಉಸಿರು ಮತ್ತು ನಾಡಿ ನೋಡುತ್ತಿರುವವರು ನರ್ಸ್. ಮುಗಿದ ಮೇಲೂ ಗಂಟಲಿನ ಜೋಮು ಇಳಿಯುವವರೆಗೆ ನೀರು ಕೊಡುವುದಿಲ್ಲ. ಮೊದಲು ಒಂದು ಗುಟುಕು ಕುಡಿಸಿ, ಕೆಮ್ಮು ಬಾರದಿದ್ದರೆ ಮಾತ್ರ ಮುಂದಿನದು.

ಹೊಟ್ಟೆಯ ಸ್ಕ್ಯಾನಿಂಗಿಗೂ ಖಾಲಿ ಹೊಟ್ಟೆಯೇ ಬೇಕು, ಆದರೆ ಕಾರಣ ಪಿತ್ತಕೋಶ. ಊಟವಿಲ್ಲದಾಗ ಅದು ಪಿತ್ತರಸ ತುಂಬಿಕೊಂಡು ಉಬ್ಬಿರುತ್ತದೆ, ಒಳಗಿನ ಹರಳು ಸ್ಪಷ್ಟವಾಗಿ ಕಾಣುತ್ತದೆ. ಉಂಡ ಕೂಡಲೇ ರಸವನ್ನು ಕರುಳಿಗೆ ಹಿಂಡಿ ಮುದುಡಿಕೊಳ್ಳುತ್ತದೆ. ಮೇಲಾಗಿ ಕರುಳಿನಲ್ಲಿ ಗಾಳಿ ತುಂಬಿದ್ದರೆ ಸ್ಕ್ಯಾನಿಂಗಿನ ಶಬ್ದದ ಅಲೆಗಳು ದಾಟುವುದೇ ಇಲ್ಲ.

ಇನ್ನು ಮಾತ್ರೆ. ಎದೆಯುರಿಗೆ ಮೆಡಿಕಲ್ ಅಂಗಡಿಯಲ್ಲಿ ಕೊಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳನ್ನು ಬಹಳ ಮಂದಿ ಉಂಡ ಮೇಲೆ, ಉರಿ ಶುರುವಾದಾಗ ನುಂಗುತ್ತಾರೆ. ಅವು ಕೆಲಸ ಮಾಡುವ ರೀತಿಗೆ ಇದು ಹೊಂದುವುದಿಲ್ಲ. ಜಠರದ ಗೋಡೆಯ ಕೋಶಗಳಲ್ಲಿ ಆಮ್ಲವನ್ನು ಹೊರಹಾಕುವ ಸೂಕ್ಷ್ಮ ಪಂಪುಗಳಿವೆ. ಊಟ ಬಂದಾಗ ಅವು ಚುರುಕಾಗುತ್ತವೆ. ಮಾತ್ರೆ ಕರುಳಿನಲ್ಲಿ ಕರಗಿ, ರಕ್ತದ ಮೂಲಕ ತಿರುಗಿ ಬಂದು, ಓಡುತ್ತಿರುವ ಪಂಪನ್ನಷ್ಟೇ ಹಿಡಿದು ನಿಲ್ಲಿಸುತ್ತದೆ. ಅದು ರಕ್ತದಲ್ಲಿ ಉಳಿಯುವುದು ಕೆಲವೇ ತಾಸು. ಹಾಗಾಗಿ ಬೆಳಿಗ್ಗೆ ರೊಟ್ಟಿಗೆ ಅರ್ಧ ತಾಸು ಮುಂಚೆ ನುಂಗಿದರೆ ಪಂಪುಗಳು ಎದ್ದಾಗ ಔಷಧ ಎದುರಿಗಿರುತ್ತದೆ. ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ಬಾಟಲಿಯ ಆಂಟಾಸಿಡ್ ಇದಕ್ಕೆ ತದ್ವಿರುದ್ಧ: ಖಾಲಿ ಹೊಟ್ಟೆಯಲ್ಲಿ ಅದು ಅರ್ಧ ತಾಸಿಗೆಲ್ಲ ಕೆಳಗಿಳಿದುಬಿಡುತ್ತದೆ, ಊಟವಾದ ಮೇಲೆ ಕುಡಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ.

ತೊಗರಿ ರಾಶಿಯ ಕಾಲದಲ್ಲಿ ಸೊಂಟನೋವಿಗೆಂದು ದಿನವೂ ನುಂಗುವ ಡೈಕ್ಲೋಫೆನಾಕ್ ಜಠರದ ಲೋಳೆಯ ಹೊದಿಕೆಯನ್ನು ಕಾಯುವ ಪ್ರೊಸ್ಟಗ್ಲಾಂಡಿನ್‌ಗಳನ್ನೇ ತಗ್ಗಿಸುತ್ತದೆ. ಉಂಡು ನುಂಗಿದರೆ ಉರಿ ಕಡಿಮೆಯಾದೀತು, ಆದರೆ ಹಾನಿ ರಕ್ತದ ಮೂಲಕವೂ ಆಗುವುದರಿಂದ ಹುಣ್ಣಿನ ಭಯ ತಪ್ಪುವುದಿಲ್ಲ.

ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡು ತೋರಿಸಿದರು. ರಾಬಿನ್ ವಾರೆನ್ ಜೊತೆ 2005ರ ನೊಬೆಲ್ ಪಡೆದರು. ಎಂಡೋಸ್ಕೋಪಿಯಲ್ಲಿ ಚಿವುಟಿ ತೆಗೆದ ಚೂರನ್ನು ಯೂರಿಯಾ ಇರುವ ಹಳದಿ ಜೆಲ್ಲಿಗೆ ಹಾಕುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದರ ಕಿಣ್ವ ಯೂರಿಯಾವನ್ನು ಅಮೋನಿಯಾ ಮಾಡಿ ಜೆಲ್ಲಿಯನ್ನು ಗುಲಾಬಿಗೆ ತಿರುಗಿಸುತ್ತದೆ. ಆದರೆ ಹಿಂದಿನ ಎರಡು ವಾರ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಮಾತ್ರೆ ನುಂಗುತ್ತಿದ್ದವರಲ್ಲಿ ಬ್ಯಾಕ್ಟೀರಿಯಾ ಅಡಗಿ, ಇದ್ದರೂ ಇಲ್ಲವೆಂದು ಫಲಿತಾಂಶ ಬರಬಹುದು. "ಯಾವ ಗುಳಿಗಿ ತಗೋಳಾಕತ್ತೀರಿ?" ಎಂದು ಸಿಸ್ಟರ್ ಕೇಳುವುದು ಇದಕ್ಕೇ.

ಖಾಲಿ ಹೊಟ್ಟೆ ಪೂರ್ತಿ ತಪ್ಪಾಗುವ ಜಾಗವೂ ಒಂದಿದೆ: ಭೇದಿ. ಕಲಬುರಗಿಯ ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟುವಾಗ ಮೈಯ ನೀರು ಮೊದಲೇ ಬೆವರಿನಲ್ಲಿ ಹೋಗಿರುತ್ತದೆ. ಅದರ ಮೇಲೆ ಭೇದಿ ನಿಲ್ಲಲೆಂದು ಮಗುವನ್ನು ಉಪವಾಸ ಕೆಡವಿದರೆ ಪ್ರಾಣಕ್ಕೇ ಕುತ್ತು. ಕರುಳಿನ ಗೋಡೆಯಲ್ಲಿ ಜೋಡಿಯಾಗಿ ಬಂದರಷ್ಟೇ ತೆರೆಯುವ ಬಾಗಿಲಿದೆ. ಉಪ್ಪು, ಸಕ್ಕರೆ ಒಟ್ಟಿಗೆ ಹೋದರೆ ನೀರೂ ಹಿಂದೆ ಹೋಗುತ್ತದೆ. ಒಆರ್‌ಎಸ್ ಕೆಲಸ ಮಾಡುವುದು ಹೀಗೆ. ಬಂಗಾಳದ ವೈದ್ಯ ದಿಲೀಪ್ ಮಹಲನೊಬಿಸ್ 1971ರಲ್ಲಿ ಬೋನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಸಾವನ್ನು ಇದರಿಂದಲೇ ಗಣನೀಯವಾಗಿ ತಗ್ಗಿಸಿದರು. ದೊಡ್ಡ ಪೊಟ್ಟಣವಾದರೆ ಇಡಿಯಾಗಿ ಒಂದು ಲೀಟರ್ ನೀರಿಗೆ ಹಾಕಬೇಕು, ಅರ್ಧರ್ಧ ಅಲ್ಲ. ಎದೆಹಾಲು ನಿಲ್ಲಿಸಬಾರದು. ದೊಡ್ಡ ಮಕ್ಕಳಿಗೆ ಗಂಜಿ, ಮೊಸರನ್ನ, ಕಮಲಾಪುರದವರಿಗೆ ಮನೆಯದೇ ಆದ ಕೆಂಪು ಬಾಳೆಹಣ್ಣು ಕೊಡಬಹುದು. ಭೇದಿಯಲ್ಲಿ ಕಳೆದುಹೋಗುವ ಪೊಟ್ಯಾಸಿಯಂ ಬಾಳೆಯಲ್ಲಿದೆ.

ಡಾಂಬರಿನಂತೆ ಕಪ್ಪು ಮಲ, ರಕ್ತವಾಂತಿ, ನುಂಗಲು ಕಷ್ಟ, ಕಾರಣವಿಲ್ಲದೆ ಇಳಿಯುವ ತೂಕ, ಇವು ಮಾತ್ರೆ ನುಂಗಿ ಕಾಯುವ ಲಕ್ಷಣಗಳಲ್ಲ. ಬೆವರಿನೊಂದಿಗೆ ಬರುವ ಎದೆಯುರಿ ಹೃದಯದ್ದೂ ಆಗಿರಬಹುದು. ಅದಕ್ಕೆ ತಕ್ಷಣ ತುರ್ತು ವಿಭಾಗವೇ ಗತಿ.

ಪರೀಕ್ಷೆಯ ದಿನಾಂಕ ಬರೆದ ಚೀಟಿ ಕೈಗೆ ಬಂದಾಗ ಮೂರು ಮಾತು ಕೇಳಿಕೊಂಡೇ ಹೊರಡಿ: ಎಷ್ಟು ಹೊತ್ತಿನಿಂದ ಊಟ ಬಿಡಬೇಕು, ನೀರು ನಡೆಯುತ್ತದೆಯೇ, ದಿನದ ಬಿಪಿ, ಸಕ್ಕರೆ ಮಾತ್ರೆ ಏನು ಮಾಡಬೇಕು. ಮೂರನೆಯದನ್ನು ಮರೆಯಬೇಡಿ. ಊಟವಿಲ್ಲದೆ ಇನ್ಸುಲಿನ್ ಚುಚ್ಚಿಕೊಂಡು ಬಂದವರ ರಕ್ತದ ಸಕ್ಕರೆ ಬಸ್ಸಿನಲ್ಲೇ ಕುಸಿದೀತು.